ಯಂತ್ರಕ್ಕೆ ಎರಡು ದಿನದ ವಿಶ್ರಾಂತಿ

ಚಿತ್ರದಲ್ಲಿಯ ಬಾವಿಯಿಂದ ಯಾರೂ ನೀರು ಸೇದಿದ್ದಿಲ್ಲ. ಪುಸ್ತಕದಲ್ಲಿಯ ಚಿತ್ರ ನೋಡಿ ಯಾರೂ ರೇಡಿಯೋ ಕಲಿತದ್ದಿಲ್ಲ. ಬೆಟಗೇರಿಯ ಜಯತೀರ್ಥ ಮಾಸ್ತರರಿಗೆ ಇದು ಹೊಳೆದದ್ದು ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ವಿಜ್ಞಾನ ಕಲಿಸಿದ ಮೇಲೆ. ಹೊಳೆದ ದಿನವೇ ಸ್ಕ್ರೂಡ್ರೈವರ್ ತಂದರು.

"ಇನ್ನ ಮ್ಯಾಲೆ ಈ ಮನ್ಯಾಗ ನಾ ಬಿಚ್ಚಲಾರದ ಯಂತ್ರ ಇರೂದಿಲ್ಲ," ಎಂದು ಸಾರಿದರು.

"ಬಿಚ್ಚೂದು ಯಾರಿಗಾದ್ರೂ ಬರ್ತದ," ಎಂದರು ಹೆಂಡತಿ ಪದ್ಮಾಬಾಯಿ, ಹಿಟ್ಟು ಸಾಣಿಸುತ್ತ.

ಮೊದಲು ಇಸ್ತ್ರಿಪೆಟ್ಟಿಗೆ, ಆಮೇಲೆ ಟೇಬಲ್ ಫ್ಯಾನು, ಕೊನೆಗೆ ಪದ್ಮಾಬಾಯಿಗೆ ಜೀವವಾಗಿದ್ದ ಟ್ರಾನ್ಸಿಸ್ಟರು. ಬಿಚ್ಚಿ, ಒಳಗಿನ ಚಿತ್ರ ಬರೆದುಕೊಂಡು, ಮರಳಿ ಜೋಡಿಸುವರು. ಪ್ರತಿ ಸಲವೂ ನಾಲ್ಕೈದು ಸ್ಕ್ರೂ ಉಳಿಯುತ್ತಿದ್ದವು. ಅದು ಕಂಪನಿಯವರ ಔದಾರ್ಯವೆಂದು ಮಾಸ್ತರರು ತಿಳಿದರು. ಯಂತ್ರ ಅಂದು ಮಿಸುಕುತ್ತಿರಲಿಲ್ಲ. ಆದರೆ ಮೂರನೆಯ ದಿನ ಶಾಲೆಯಿಂದ ಬಂದು ನೋಡಿದರೆ ಮೊದಲಿಗಿಂತ ಚೊಕ್ಕ ನಡೆಯುತ್ತಿತ್ತು.

ಇದರಿಂದ ಒಂದು ಸಿದ್ಧಾಂತ ಹುಟ್ಟಿತು. ಬಾಣಂತಿಯ ಹಾಗೆ, ಬಿಚ್ಚಿದ ಯಂತ್ರಕ್ಕೂ ವಿಶ್ರಾಂತಿ ಬೇಕು; ಎರಡು ದಿನ ಸಾಕು. ಒಂಬತ್ತನೆಯ ಇಯತ್ತೆಗೆ ಟಿಪ್ಪಣಿ ಬರೆಸಿಯೂ ಆಯಿತು. ಹೆಡ್‌ಮಾಸ್ತರ ಮಾರ್ತಾಂಡರಾಯರು ಮೆಚ್ಚಿ, ಗದಗಿನ ಶಿಕ್ಷಕರ ಸಮ್ಮೇಳನದಲ್ಲಿ ಅದರ ಮೇಲೆ ಭಾಷಣ ಗೊತ್ತುಮಾಡಿದರು. ವಿದ್ಯಾರ್ಥಿಗಳಲ್ಲದ ಜನ ತಮ್ಮ ಮಾತು ಕೇಳುವ ಸುಯೋಗ ಮಾಸ್ತರರಿಗೆ ಜನ್ಮದಲ್ಲಿ ಮೊದಲ ಸಲ ಬಂದಿತ್ತು.

ಎಪ್ಪತ್ತೆಂಟರ ಚಳಿಗಾಲದ ಒಂದು ರವಿವಾರ, ಮನೆಗೆ ಹತ್ತಿದ ಮಠದಲ್ಲಿ ಧಾರವಾಡದ ಆಚಾರ್ಯರ ಪ್ರವಚನವಿತ್ತು. ಅವರ ಅಡಿಗೆ ಪದ್ಮಾಬಾಯಿಯ ಪಾಲಿಗೆ.

"ಮಂದಿ ಪುಣ್ಯದ ಮಾತು ಕೇಳ್ತಾರ, ನಾ ಹಾರ್ನಿನ ಮಾತೂ ಮುಟ್ಟಲಾರದ ಈ ಹಿತ್ತಲ ಅಡಿಗಿಮನ್ಯಾಗ ಹೊಗಿ ಕುಡಕೋತ ಕೂಡ್ತೀನಿ," ಎಂದು ಅವರು ದಣಿದ ದನಿಯಲ್ಲಿ ಹೇಳಿದ್ದೇ ತಡ, ಮಾಸ್ತರರಿಗೆ ಹುರುಪು ಬಂತು. ಅಟ್ಟದ ಮೇಲಿನ ಹಳೆಯ ರೇಡಿಯೋದಿಂದ ಸ್ಪೀಕರ್ ಕಿತ್ತು ಅಡಿಗೆಮನೆಯ ಮಾಡದಲ್ಲಿಟ್ಟರು. ಅದರ ವಾಯರನ್ನು ಗೋಡೆ ಹಾರಿಸಿ ಮಠಕ್ಕೆ ಒಯ್ದರು. ಮೈಕ್‌ಸೆಟ್ಟಿನ ದಾದಾಪೀರ ಚಹಾಕ್ಕೆ ಹೋಗಿದ್ದ. ಆಂಪ್ಲಿಫೈಯರಿನ ಹಿಂದೆ ಹಲವು ತೂತುಗಳಿದ್ದವು. ಖಾಲಿಯಿದ್ದ ಒಂದಕ್ಕೆ ವಾಯರು ಸಿಕ್ಕಿಸಿ, ಮಾಸ್ತರರು ಹೆಡ್‌ಮಾಸ್ತರರ ಪಕ್ಕ ಮೊದಲ ಸಾಲಿನಲ್ಲಿ ಕುಳಿತರು.

ಸ್ಪೀಕರ್ ಬರೀ ಬಾಯಿಯಲ್ಲ, ಮೈಕಿನ ತೂತಿಗೆ ಸಿಕ್ಕಿಸಿದರೆ ಕಿವಿಯೂ ಆಗುತ್ತದೆ ಎಂಬುದು ಅವರ ಟಿಪ್ಪಣಿಯಲ್ಲಿ ಇರಲಿಲ್ಲ.

"ಗೃಹಿಣಿಯ ಮೌನವೇ ಮನೆಯ ದೀಪ," ಎಂದು ಆಚಾರ್ಯರು ಅನ್ನುವಷ್ಟರಲ್ಲಿ, ಬೇವಿನ ಗಿಡಕ್ಕೆ ಕಟ್ಟಿದ ಹಾರ್ನಿನಿಂದ ಒಗ್ಗರಣೆ ಸಿಡಿಯಿತು. ಓಣಿಯ ತುಂಬ ಸಾಸಿವೆ ಚಟಪಟಿಸಿತು. ಹಿಂದೆಯೇ ಪದ್ಮಾಬಾಯಿಯ ದನಿ, ನೆರೆಮನೆಯ ವಿಮಲಾಬಾಯಿಯೊಡನೆ:

"ಯಂತ್ರಕ್ಕ ಎಲ್ಲೀ ವಿಶ್ರಾಂತಿರೀ? ಅವರು ಸಾಲಿಗೆ ಹೋದ ಕೂಡ್ಲೆ ಹಿತ್ತಲ ಬಾಗಲದಿಂದ ದಾದಾಪೀರನ್ನ ಕರಸಿ ರಿಪೇರಿ ಮಾಡಸ್ತೀನಿ. ಉಳದ ಸ್ಕ್ರೂ ಎಲ್ಲಾ ಸಾಸಿವಿ ಡಬ್ಬ್ಯಾಗ ಕೂಡಿಸಿ ಇಟ್ಟಿರ್ತೀನಿ."

"ಅವರಿಗೊಂದು ಮಾತು ಹೇಳಿಬಿಡಬಾರದ?"

"ಹೆಂಗ ಹೇಳ್ಲಿ? ಯಂತ್ರ ಚಾಲೂ ಆದ ದಿನಾ ಎರಡು ಭಕ್ರಿ ಹೆಚ್ಚಿಗಿ ತಿಂತಾರ."

ಮಾಸ್ತರರು ಎದ್ದು ಓಡಿ ಒಂದು ವಾಯರು ಜಗ್ಗಿದರು. ಅದು ಆಚಾರ್ಯರ ಮೈಕಿನದು. ವೇದಿಕೆಯ ಮೇಲೆ ಅವರ ತುಟಿ ಮಾತ್ರ ಆಡತೊಡಗಿದವು. ಓಣಿಗೆಲ್ಲ ಈಗ ಪದ್ಮಾಬಾಯಿಯೊಬ್ಬರದೇ ಪ್ರವಚನ.

"ಮಾಸ್ತರ, ಸಮ್ಮೇಳನಕ್ಕ ನೀವ ಬರ್ತೀರೋ, ದಾದಾಪೀರನ್ನ ಕಳಸ್ತೀರೋ?" ಎಂದರು ಮಾರ್ತಾಂಡರಾಯರು, ಕನ್ನಡಕ ಒರೆಸುತ್ತ.

ಅಷ್ಟರಲ್ಲಿ ದಾದಾಪೀರ ಓಡಿಬಂದ. "ಅದಲ್ರೀ ಸರ್, ಬಾಜೂಕಿಂದು," ಎಂದು ಕೈ ಚಾಚಿದ. ಅದಕ್ಕೂ ಮೊದಲೇ ಹಾರ್ನು ನಿಟ್ಟುಸಿರು ಬಿಟ್ಟಿತು:

"ಈ ಸ್ಪೀಕರಿನ್ಯಾಗ ಒಂದಕ್ಷರ ಕೇಳಸವಲ್ತು ನೋಡ್ರಿ. ನಾಳೆ ಇದಕ್ಕೂ ದಾದಾಪೀರನ್ನ ಕರಸಬೇಕು. ಅವರ ಮುಂದ ಮಾತ್ರ ಬಾಯಿ ಬಿಡಬ್ಯಾಡ್ರಿ ಮತ್ತ."

ದಾದಾಪೀರ ವಾಯರು ಕಿತ್ತು, ಕೈಗೆ ಸುತ್ತಿಕೊಂಡ. ಮೆಲ್ಲಗೆ ಕೇಳಿದ: "ನಾಳಿ ಸಾಲಿ ಐತಲ್ರೀ ಸರ್?"

"ಅದಪಾ," ಎಂದರು ಮಾಸ್ತರರು. "ಹತ್ತಕ್ಕ ಹೋಗ್ತೀನಿ. ಹಿತ್ತಲ ಬಾಗಲಾ ತೆರದಿರ್ತದ."