ಹುಣಸೆ ಹುಳಿಗೆ ಬಿದ್ದ ರಾಜ

ಕೊಳೆಗೆ ಬೀಗ ಹಾಕಿ, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡು ಓಡಾಡುವ ಮನುಷ್ಯರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡುವುದೇನು ಬಂತು, ಅಂಥವರ ಮನೆಗೇ ಸೊಸೆಯಾಗಿ ಹೋದೆ! ನಮ್ಮ ಮಾವನವರ ಹತ್ತಿರ ಮೂವತ್ತೊಂದು ಹಳೇ ಬೆಳ್ಳಿ ರೂಪಾಯಿಗಳಿದ್ದವು; ರಾಜನ ತಲೆಯವು, ರಾಣಿಯ ತಲೆಯವು. ಅವರಿಗೆ ಬೆಳ್ಳಿಯ ಮೇಲೆ ಅಷ್ಟೇನೂ ಆಸೆಯಿರಲಿಲ್ಲ. ಆಸೆಯೆಲ್ಲ ವರ್ಷಾನುಗಟ್ಟಲೆ ಅದರ ಮೇಲೆ ಕೂತು ಬಂದ ಕಪ್ಪಿನ ಮೇಲೆ!

ಇದು ಎಪ್ಪತ್ತರ ದಶಕದ ಕೊನೆಯ ಮಾತು. ಶೆಟ್ಟಿಕೆರೆ ಕಡೆಯ ಹುಡುಗಿ ನಾನು, ಮದುವೆಯಾಗಿ ನೊಣವಿನಕೆರೆ ಹತ್ತಿರದ ಹಳ್ಳಿ ಸೇರಿದೆ. ತವರಲ್ಲಿ ನಮ್ಮವ್ವ ಕಲಿಸಿದ ವಿದ್ಯೆ ಒಂದೇ: ಪಾತ್ರೆ ಹೊಳೆಯದಿದ್ದರೆ ಮನೆಯ ಹೆಣ್ಣಿನ ಮರ್ಯಾದೆ ಹೋಯಿತು ಅಂತ. ಹುಣಸೆಹಣ್ಣು, ಒಲೆಯ ಬೂದಿ, ತೆಂಗಿನ ನಾರು, ಈ ಮೂರು ಕೊಟ್ಟರೆ ಮಸಿ ಹಿಡಿದ ಹಂಡೆಯಲ್ಲೂ ಮುಖ ನೋಡಿಕೊಳ್ಳುವವಳು ನಾನು. ಅಂಥವಳಿಗೆ ಇಂಥ ಮಾವ! ಋಣಾನುಬಂಧ ಅಂತ ಇದಕ್ಕೇ ಅನ್ನುತ್ತಾರೇನೋ.

ಹೋದ ಹೊಸತರಲ್ಲೇ ಒಂದು ದಿನ ಮಾವನವರು ಪೆಟ್ಟಿಗೆ ತೆಗೆದು ತೋರಿಸಿದರು. ಒಂದೊಂದು ರೂಪಾಯಿಗೂ ಹಳೇ ಪಂಚೆಯ ಒಂದೊಂದು ತುಂಡು. ನಾನು ಒಂದನ್ನು ಎತ್ತಿಕೊಂಡೆ, ಅಷ್ಟೆ.

"ಅಯ್ಯಯ್ಯೋ! ಮುಖ ಮುಟ್ಬೇಡ ಕಣಮ್ಮಾ! ಅಂಚು ಹಿಡ್ಕೊ, ಅಂಚು!"

ಹಾವು ತುಳಿದವಳ ಹಾಗೆ ಹಾರಿಬಿದ್ದೆ. ಬೆರಳಿನ ಜಿಡ್ಡು ಬೆಳ್ಳಿಗೆ ಅಂಟಿದರೆ ಜನ್ಮಕ್ಕೂ ಹೋಗುವುದಿಲ್ಲವಂತೆ. ಹೊಸ ಸೊಸೆ ಅಂತ ಬೈಯಲಿಲ್ಲ. ರೂಪಾಯಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಪಾಠ ಮಾಡಿದರು. "ನೋಡು, ಅಂಚಲ್ಲಿ ಜೇನುತುಪ್ಪದ ಬಣ್ಣ, ಅದರೊಳಗೆ ಕೆಂಪು, ಅದರೊಳಗೆ ನವಿಲಿನ ನೀಲಿ. ಇದನ್ನ ಯಾರೂ ಬಳಿದಿಲ್ಲ. ಗಾಳಿ, ಕಾಲ, ಎರಡೂ ಸೇರಿ ಮಾಡವೆ."

ಅಡಿಗೆಮನೆಯಿಂದ ಅತ್ತೆಯವರು, "ಕಿಲುಬು ಕಣೇ ಅದು, ಕಿಲುಬು!" ಎಂದು ಕೂಗಿದರು. ಆ ಮನೆಯಲ್ಲಿ ಇದೇ ಜಗಳ ಇಪ್ಪತ್ತು ವರ್ಷದಿಂದ ನಡೆದಿತ್ತು.

ಮಾವನವರ ಕಾನೂನು ಕೇಳಬೇಕು ನೀವು! ಪೆಟ್ಟಿಗೆ ಇರುವ ಕೋಣೆಯಲ್ಲಿ ಊದಿನಕಡ್ಡಿ ಹಚ್ಚಬಾರದು, ಬೆಂಕಿಕಡ್ಡಿ ಗೀರಬಾರದು, ಈರುಳ್ಳಿ ಇಡಬಾರದು. ಪೆಟ್ಟಿಗೆ ತೆಗೆದಾಗ ಅದರ ಮೇಲೆ ಬಾಗಿ ಮಾತಾಡಬಾರದು, ಎಂಜಲು ಸಿಡಿಯುತ್ತದೆ. ಯಾವಾಗಲೋ ರಬ್ಬರ್ ಬ್ಯಾಂಡ್ ಸುತ್ತಿಟ್ಟಿದ್ದಕ್ಕೆ ಒಬ್ಬ ರಾಜನ ಮೂಗಿನ ಮೇಲೆ ಕರೀ ಗೆರೆ ಬಿದ್ದಿತ್ತು. ಆವತ್ತಿನಿಂದ ರಬ್ಬರ್ ಬ್ಯಾಂಡು ಹೊಸ್ತಿಲು ದಾಟುವ ಹಾಗಿರಲಿಲ್ಲ! ಅಟ್ಟದ ಮೇಲಿನ ಕಾಯಿ ಕೊಬ್ಬರಿಯಾಗಲಿ ಎಂದು ವರ್ಷವಿಡೀ ಅಲ್ಲಾಡಿಸದೆ ಕಾಯುವ ಜನ ನಮ್ಮವರು. ಮಾವನವರು ರೂಪಾಯಿಯನ್ನೂ ಹಾಗೇ ಕಾಯುತ್ತಿದ್ದರು.

ಒಂದು ಸಲ ಹುಳಿಯಾರಿನಿಂದ ಬಂದ ಬೀಗರೊಬ್ಬರು ಇಸವಿ ಕಾಣಲಿಲ್ಲವೆಂದು ಒಂದು ರೂಪಾಯಿಯನ್ನು ಪಂಚೆಗೆ ಉಜ್ಜಿದರು. ಎರಡೇ ಎರಡು ಸಲ! ಮಾವನವರು ಎದ್ದು ನಿಂತು, "ಮೂರೂವರೆ ಬಸ್ಸಿಗೆ ಹೊತ್ತಾಯ್ತು, ಹೊರಡಿ" ಅಂದರು. ಆಗ ಗಂಟೆ ಹನ್ನೆರಡು. ಬೀಗರಿಗೆಂದೇ ಒಲೆಯ ಮೇಲೆ ಹೋಳಿಗೆಗೆ ಬೇಳೆ ಬೇಯುತ್ತಿತ್ತು.

ಇಂಥ ಮನೆಗೆ ದೀಪಾವಳಿ ಬಂತು. ಲಕ್ಷ್ಮೀಪೂಜೆಗೆ ಕಳಶದ ಮುಂದೆ ಫಳಫಳ ತೊಳೆದ ಬೆಳ್ಳಿ ರೂಪಾಯಿ ಇಡಬೇಕು. ಅತ್ತೆಯವರು ಪ್ರತಿ ವರ್ಷ ಪಕ್ಕದ ಮನೆಯಿಂದ ಎರವಲು ತರುತ್ತಿದ್ದರಂತೆ. ಮೂವತ್ತೊಂದು ಮನೆಯಲ್ಲಿಟ್ಟುಕೊಂಡು ಎರವಲು! ಆ ದಿನ ಮಾವನವರು ಹಬ್ಬದ ಸಾಮಾನಿಗೆ ಬೆಳಿಗ್ಗೆಯೇ ತಿಪಟೂರಿಗೆ ಹೋದರು. ಸ್ನಾನದ ಗಡಿಬಿಡಿಯಲ್ಲಿ ಬಿಚ್ಚಿಟ್ಟ ಬೀಗದ ಕೈ ಬಚ್ಚಲಿನ ಗೂಟದಲ್ಲೇ ನೇತಾಡುತ್ತಿತ್ತು. ಅತ್ತೆಯವರು ಅದನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಐದೇ ಐದು ತೊಳ್ಕೊಡು ಕಣೇ. ಅವರು ಬರೋದು ಸಂಜೆ ಬಸ್ಸಿಗೆ. ಅಷ್ಟೊತ್ತಿಗೆ ಲಕ್ಷ್ಮಿ ಮುಂದೆ ಇರ್ತವೆ. ದೇವ್ರ ಮುಂದೆ ಇಟ್ಟಿದ್ದಕ್ಕೆ ಏನಂದಾರು?"

"ಬೇಡ ಅತ್ತೆ, ಮಾವ ನನ್ನ ಸುಮ್ನೆ ಬಿಡಲ್ಲ."

"ನಾನಿಲ್ವಾ? ತೊಳಿ ಬುಡು!"

ಬೇಡ ಅಂದೆನಲ್ಲ, ಅದು ಬಾಯಿಮಾತು. ನಿಜ ಹೇಳಿಬಿಡುತ್ತೇನೆ, ಆ ಕಪ್ಪು ನೋಡಿ ನೋಡಿ ನನ್ನ ಕೈ ತಿಂಗಳುಗಟ್ಟಲೆಯಿಂದ ತುರಿಸುತ್ತಿತ್ತು! ಎಲ್ಲಕ್ಕಿಂತ ಕೊಳಕಾಗಿ ಕಂಡ ಐದನ್ನು ಆರಿಸಿಕೊಂಡೆ. ನಾಲ್ಕನ್ನು ಉಜ್ಜಿದೆ. ಜೇನು ಹೋಯಿತು, ಕೆಂಪು ಹೋಯಿತು, ನವಿಲು ಹಾರಿಹೋಯಿತು. ಐದನೆಯದರಲ್ಲಿ ಮಾತ್ರ ರಾಜನ ಕೆನ್ನೆಯ ಮೇಲೆ ಕಂದು ಮಚ್ಚೆಯೊಂದು ಕಚ್ಚಿಕೊಂಡಿತ್ತು. ಇದು ಮೊಂಡು, ಚೆನ್ನಾಗಿ ನೆನೆಯಲಿ ಎಂದು ಅದನ್ನು ಹುಣಸೆ ಹುಳಿಯ ಬಟ್ಟಲಿಗೆ ಹಾಕಿ, ನಾಲ್ಕನ್ನು ಕಳಶದ ಮುಂದೆ ಇಟ್ಟು ಬಂದೆ.

ಆಗಲೇ ಅಂಗಳದಲ್ಲಿ ಕೆಮ್ಮು ಕೇಳಿಸಿತು. ಮಾವನವರ ಕೆಮ್ಮು! ಯಾರದೋ ಲಾರಿ ಸಿಕ್ಕಿತೆಂದು ಮಧ್ಯಾಹ್ನಕ್ಕೇ ಬಂದುಬಿಟ್ಟಿದ್ದರು.

ಅತ್ತೆಯವರು ಬಟ್ಟಲಿನ ಮೇಲೆ ಮೊರ ಮುಚ್ಚಿದರು. ಮಾವನವರು ಬಂದು ಕೂತದ್ದೆಲ್ಲಿ? ಆ ಮೊರದ ಪಕ್ಕದಲ್ಲೇ! ಕಾಫಿ ಕೊಟ್ಟೆ. ಅವರು ಊದಿ ಊದಿ ಕುಡಿದರು. ಅಷ್ಟು ಹೊತ್ತೂ ರಾಜ ಹುಳಿಯಲ್ಲಿ ನೆನೆಯುತ್ತಿದ್ದ.

"ಏನೇ ಇದು, ಹುಣಸೆ ಹುಳಿ ವಾಸ್ನೆ?"

"ಸಾರಿಗೆ ಕಣ್ರೀ" ಅಂದರು ಅತ್ತೆಯವರು.

"ಮೊರ ಯಾಕೆ ಮುಚ್ಚಿದ್ದೀಯ?"

"ನೊಣ ಕಣ್ರೀ, ನೊಣ!"

ಮಾವನವರು ತಲೆಯಾಡಿಸಿ ಅಭ್ಯಾಸದಂತೆ ಸೊಂಟ ತಡವಿಕೊಂಡರು. ಕೈ ಅಲ್ಲೇ ನಿಂತಿತು. ಬಚ್ಚಲಿಗೆ ಹೋದರು, ಅಲ್ಲಿಂದ ಕೋಣೆಗೆ ಹೋದರು. ಪೆಟ್ಟಿಗೆಯ ಮುಚ್ಚಳದ ಸದ್ದು ಕೇಳಿಸಿತು. ಈಗ ಕೂಗುತ್ತಾರೆ, ಈಗ ಕೂಗುತ್ತಾರೆ ಎಂದು ನಾನು ಕಂಬ ಹಿಡಿದು ನಿಂತೆ. ಕೂಗು ಬರಲೇ ಇಲ್ಲ. ನನಗೆ ಇನ್ನೂ ಭಯವಾಯಿತು.

ಹೊರಗೆ ಬಂದವರ ಮುಖ ಬಿಳಿಚಿಕೊಂಡಿತ್ತು. ಕಳಶದ ಮುಂದಿನ ನಾಲ್ಕನ್ನೂ ಒಂದೊಂದಾಗಿ ಎತ್ತಿ ನೋಡಿ ಕೆಳಗಿಟ್ಟರು.

"ಇವು ಹೋದ್ರೆ ಹೋಗ್ಲಿ ಕಣಮ್ಮಾ. ಕೆನ್ನೆ ಮೇಲೆ ಮಚ್ಚೆ ಇತ್ತಲ್ಲ... ಅದನ್ನೂ ಉಜ್ಜಿಬುಟ್ಟೆಯಾ?"

ನಾನು ಮೊರ ತಳ್ಳಿ ಬಟ್ಟಲಿಗೆ ಕೈ ಹಾಕಿದೆ. ಆ ಗಡಿಬಿಡಿಯಲ್ಲೂ ಅಂಚು ಹಿಡಿದೇ ಎತ್ತಿದೆ ನೋಡಿ! ಮಾವನವರು ಚೊಂಬಿನಿಂದ ನೀರು ಹುಯ್ದರು. ಮೂವರೂ ಅದರ ಮೇಲೆ ಬಾಗಿದೆವು; ಎಂಜಲಿನ ಕಾನೂನು ಅವರಿಗೂ ನೆನಪಾಗಲಿಲ್ಲ. ಹುಳಿ ಇಳಿಯಿತು. ಮಚ್ಚೆ ಇತ್ತು! ಬೆಳಕಿಗೆ ಹಿಡಿದರು. ಮಚ್ಚೆಯೊಳಗೆ ಸಣ್ಣ ಸಣ್ಣ ಗೆರೆ, ಸುತ್ತು ಸುತ್ತಾಗಿ.

"ನಮ್ಮವ್ವನ ಹೆಬ್ಬೆಟ್ಟು" ಅಂದರು. "ಕೊಬ್ಬರಿ ಬಿಡಿಸ್ತಾ ಕೂತಿದ್ಲು, ಕೈಯೆಲ್ಲ ಎಣ್ಣೆ. ನಾನು ತಿಪಟೂರಿಗೆ ಓದಕ್ಕೆ ಹೊರಟಿದ್ದೆ. ಎಲೆಅಡಿಕೆ ಸಂಚಿಯಿಂದ ತೆಗೆದು ಕೊಟ್ಲು. ಹದಿನೈದು ದಿನಕ್ಕೆ, ಅವ್ವ ಹೋದ್ಲು ಅಂತ ಆಳು ಬಂದ. ಇದನ್ನ ಖರ್ಚು ಮಾಡಕ್ಕೆ ಮನಸ್ಸು ಬರ್ಲಿಲ್ಲ, ಇಟ್ಕೊಂಡೆ. ವರ್ಷ ಕಳೀತಾ ಕಳೀತಾ ಬೆರಳು ತಾನಾಗೇ ಮೂಡ್ತು. ಅವ್ವಂದು ಒಂದು ಫೋಟೋನೂ ಇಲ್ಲ ಕಣಮ್ಮಾ. ಮಿಕ್ಕವೆಲ್ಲ ಇದಕ್ಕೆ ಜೊತೆಗಿರ್ಲಿ ಅಂತ ತಂದಿದ್ದು."

ಇಪ್ಪತ್ತು ವರ್ಷ ಕಿಲುಬು ಎಂದ ಅತ್ತೆಯವರು ಸೆರಗು ಬಾಯಿಗೆ ಒತ್ತಿಕೊಂಡರು. "ಒಂದಿನನಾದ್ರೂ ಹೇಳ್ಬಾರ್ದಿತ್ತಾ ನೀವು?" ನಾನಂತೂ ಗೊಳೋ ಎಂದು ಅತ್ತುಬಿಟ್ಟೆ.

ಸಂಜೆ ಪೂಜೆ ಮುಗಿಯಿತು. ಮಾವನವರು ನಾನು ಹಾಳು ಮಾಡಿದ ನಾಲ್ಕು ರೂಪಾಯಿಗಳನ್ನು ತಂದು ನನ್ನ ಮುಂದೆ ಹಿಡಿದರು.

"ತೊಳೆದ ಬೆಳ್ಳಿ ಬೆರಳನ್ನ ಬೇಗ ಹಿಡೀತದೆ. ಒತ್ತು."

ನಾನು ಅಂಚಿಗೆ ಕೈ ಹಾಕಿದೆ.

"ಅಲ್ಲಲ್ಲ, ಮುಖದ ಮೇಲೆ ಒತ್ತಮ್ಮಾ!"

ಒತ್ತಿದೆ. ಅತ್ತೆಯವರು ಒತ್ತಿದರು, ನನ್ನ ಗಂಡ ಒತ್ತಿದರು. ಕೊನೆಯದಕ್ಕೆ ಮಾವನವರು ಕೊಬ್ಬರಿ ಚೂರಿಗೆ ಹೆಬ್ಬೆಟ್ಟು ಉಜ್ಜಿಕೊಂಡು ತಾವೇ ಒತ್ತಿದರು.

ಈಗ ಅತ್ತೆ ಮಾವ ಇಬ್ಬರೂ ಇಲ್ಲ. ಪೆಟ್ಟಿಗೆ ನನ್ನ ಹತ್ತಿರ ಇದೆ. ನಾಲ್ಕಕ್ಕೂ ಜೇನಿನ ಬಣ್ಣ ಬಂದಿದೆ, ಗೆರೆಗಳು ಮೂಡಿವೆ. ಹಬ್ಬ ಬಂದು ನನ್ನ ಸೊಸೆ ಹುಣಸೆಹಣ್ಣು ನೆನೆಹಾಕಿದಳೆಂದರೆ ಸಾಕು, ಬೀಗದ ಕೈ ಇದೆಯಾ ಎಂದು ಸೊಂಟ ಮುಟ್ಟಿ ನೋಡಿಕೊಳ್ಳುತ್ತೇನೆ! ಆಮೇಲೆ ಕೋಣೆಗೆ ಹೋಗಿ ಮಾವನವರ ಹೆಬ್ಬೆಟ್ಟಿನ ರೂಪಾಯಿ ತೆಗೆದು, ಅಂಚು ಹಿಡಿದು, ಕಿಟಕಿಯ ಬೆಳಕಿಗೆ ತಿರುಗಿಸಿ ಅವರ ಜೊತೆ ಎರಡು ಮಾತಾಡುತ್ತೇನೆ. ಮೇಲೆ ಬಾಗದೆ, ಎಂಜಲು ಸಿಡಿಯದ ಹಾಗೆ, ದೂರದಿಂದ.