ಬಾಗಿಲಿಗೂ ಬಾಗಿಲಿಗೂ ನಡುವೆ ಚಹಾ

ಇಂಗ್ಲಿಷ್ ಮಾಸ್ತರನ ಹಣೆಬರಹವೇ ಹಾಗೆ. ಬೆಳಿಗ್ಗೆ ಬೋರ್ಡಿನ ಮೇಲೆ ಬರೆದದ್ದು ವಾರ ತುಂಬುವುದರೊಳಗೆ ಅವನ ಮೈಮೇಲೇ ಬಂದಿರುತ್ತದೆ. ರಾಮದುರ್ಗ ತಾಲೂಕಿನ ಹೈಸ್ಕೂಲೊಂದರಲ್ಲಿ ಕಲಿಸುವ ನನಗೆ ಇದು ಮತ್ತೆ ಮತ್ತೆ ಆಗಿದೆ.

೧. ಖಾಲಿ ಜಾಗ

ಅವತ್ತು ಹತ್ತನೇ ಕ್ಲಾಸಿಗೆ ‘ಫ್ರಾಮ್ ಡೋರ್ ಟು ಡೋರ್’, ‘ಸ್ಟೆಪ್ ಬೈ ಸ್ಟೆಪ್’, ‘ಡೇ ಬೈ ಡೇ’ ಹೇಳಿಕೊಡುತ್ತಿದ್ದೆ. “ನೋಡ್ರಿ, ಒಂದೇ ಶಬ್ದ ಎರಡು ಸಲ ಹೇಳಿ, ನಡುವ ಸಣ್ಣದೊಂದು ಇಟ್ರ ಸಾಕು. ಮನಷ್ಯಾ ನಡದಂಗೂ ಆತು, ಕಾಲ ಬದಲಾದಂಗೂ ಆತು. ನಾವು ‘ಮನಿ ಮನಿ’, ‘ದಿನಾ ದಿನಾ’ ಅಂತೇವಲ್ಲ, ಹಂಗ” ಎಂದೆ. ‘ಡೇ ಬೈ ಡೇ’ಗೆ ಒಂದು ಉದಾಹರಣೆ ಕೇಳಿದೆ.

ಹಿಂದಿನ ಬೆಂಚಿನವನೊಬ್ಬ ಎದ್ದು, “ಡೇ ಬೈ ಡೇ ನಮ್ಮ ಕ್ಲಾಸ್ ಸಣ್ಣದಾಗಾಕತ್ತೈತ್ರಿ ಸರ್” ಅಂದ.

ಎಲ್ಲರೂ ನಕ್ಕರು, ನನಗೆ ನಗು ಬರಲಿಲ್ಲ. ಕ್ಲಾಸಿಗೇ ಜಾಣೆಯಾದ ಹುಡುಗಿಯ ಜಾಗ ಖಾಲಿ ಇತ್ತು. ಪರೀಕ್ಷೆ ಬಾಗಿಲಿಗೆ ಬಂದು ನಿಂತಿತ್ತು. ಯಾಕೆ ಬರುತ್ತಿಲ್ಲ ಎಂದು ಅವಳ ಗೆಳತಿಯನ್ನು ಕೇಳಿದೆ.

“ಅವರ ಎಮ್ಮಿ ಈದೈತ್ರಿ ಸರ್. ಅಪ್ಪಾ ಅವ್ವಾ ಎಂ.ಕೆ. ಹುಬ್ಬಳ್ಳಿ ಕಡೆ ಕಬ್ಬು ಕಡ್ಯಾಕ ಹೋಗ್ಯಾರ. ಮನ್ಯಾಗಿರೂ ಮುದುಕಿ ಆಯಿ ಹಿಂಡಾಕ ಹೋದ್ರ ಎಮ್ಮಿ ಒದೀತೈತಿ. ಇಕಿ ಕೈಗೆ ಅಷ್ಟ ಹಾಲು ಬಿಡ್ತೈತ್ರಿ. ಅದು ಹಾಲು ಬಿಡೂದ್ರಾಗ ಬಸ್ ಹೋಗಿರತೈತಿ.”

ಕಾಯಿಲೆಯಾದರೆ ಔಷಧ ಕೊಡಿಸಬಹುದು. ಎಮ್ಮೆಗೆ ಯಾರು ತಿಳಿಸಿ ಹೇಳುವುದು!

೨. ಸ್ಟಾಪು

ರವಿವಾರ ಹೆಡ್‌ಮಾಸ್ತರರೂ ನಾನೂ ಸುರೇಬಾನದ ಆಚೆಗಿನ ಅವಳ ಹಳ್ಳಿಗೆ ಬಸ್ ಹತ್ತಿದೆವು. ‘ಫ್ರಾಮ್ ಸ್ಟಾಪ್ ಟು ಸ್ಟಾಪ್’ ಹೋಗಬೇಕಾದ ಬಸ್ಸು ಹೊಲದ ಬದುವಿನ ಪಕ್ಕ ಗಕ್ಕನೆ ನಿಂತಿತು. ದೂರದಲ್ಲಿ ಒಬ್ಬ ಅಜ್ಜಿ ಬುಟ್ಟಿ ಹೊತ್ತು ನಿಧಾನ ಬರುತ್ತಿದ್ದಳು.

“ಇಲ್ಲಿ ಸ್ಟಾಪ್ ಐತೇನ್ರಿ?” ಎಂದೆ.

ಕಂಡಕ್ಟರ್ ಹೇಳಿದ: “ಐತ್ರಿ ಸರ್. ಇನ್ನೂ ನಡ್ಕೋತ ಬರಾಕತ್ತೈತಿ.”

೩. ಮನಿ ಮನಿ

ನಮಗೆ ಹುಡುಗಿಯ ಮನೆ ಗೊತ್ತಿರಲಿಲ್ಲ. ಊರ ಮೊದಲ ಮನೆಯಲ್ಲಿ ಕೇಳಿದೆವು.

“ಹೇಳ್ತೇನಿ, ಮೊದಲ ಒಳಗ ಬರ್ರಿ. ಚಾ ಕುಡೀರಿ” ಎಂದ ಮನೆಯ ಯಜಮಾನ.

ಕುಡಿದೆವು. ಹೊರಗೆ ಬಂದರೆ ಪಕ್ಕದ ಮನೆಯವಳು ಬಾಗಿಲಲ್ಲೇ ನಿಂತಿದ್ದಳು. “ನನ್ನ ಮಗನೂ ನಿಮ್ಮ ಸಾಲ್ಯಾಗ ಅದಾನ್ರಿ. ಅವರ ಮನ್ಯಾಗ ಕುಡದು ನಮ್ಮನಿ ದಾಟಿ ಹೊಂಟ್ರ್ಯಾ?” ಅಲ್ಲೂ ಕುಡಿದೆವು. ಅದರಾಚೆಗಿನ ಮನೆಯಲ್ಲಿ ಬೇಡವೆಂದರೆ, “ಯಾಕ್ರಿ, ನಮ್ಮ ಚಾಕ್ಕ ಸಕ್ರಿ ಹಾಕೂದಿಲ್ಲೇನ?” ಎಂದರು. ತಪ್ಪು ತಿಳಿದಾರೆಂದು ಹಾಕಿಸಿಕೊಂಡೆವು. ಇಡೀ ಓಣಿ ಹೀಗೇ ಆಯಿತು. ಹೆಡ್‌ಮಾಸ್ತರರು ಬೆಲ್ಟಿನ ಒಂದು ತೂತು ಸಡಿಲಿಸಿದರು.

‘ಫ್ರಾಮ್ ಡೋರ್ ಟು ಡೋರ್’ ಅನ್ನುವ ಇಂಗ್ಲಿಷಿನವನು ಒಂದು ಬಾಗಿಲಿಂದ ಇನ್ನೊಂದಕ್ಕೆ ಜಿಗಿದುಬಿಡುತ್ತಾನೆ. ನಮ್ಮಲ್ಲಿ ಎರಡು ಬಾಗಿಲ ನಡುವೆ ಮನುಷ್ಯರಿರುತ್ತಾರೆ, ಅವರನ್ನು ದಾಟಿ ಹೋಗುವುದು ಅಷ್ಟು ಸುಲಭವಲ್ಲ. ಇದನ್ನು ಹೇಳಿದೆ. “ತತ್ವಜ್ಞಾನ ಆಮ್ಯಾಲ ಹೇಳ್ರಿ, ಮೊದಲ ಬಚ್ಚಲ ಎಲ್ಲೈತಿ ಕೇಳ್ರಿ” ಎಂದರು ಹೆಡ್‌ಮಾಸ್ತರರು.

೪. ಮುಟ್ಟದ ಕಪ್ಪು

ಅಂತೂ ಹುಡುಗಿಯ ಮನೆ ಸಿಕ್ಕಿತು. ಆಯಿ ಕಂಬಳಿ ಹಾಸಿ ಕೂರಿಸಿದಳು. ನಾವು ಬಾಯಿ ತೆರೆಯುವ ಮೊದಲೇ ಹುಡುಗಿ ಎರಡು ಕಪ್ಪು ತಂದಿಟ್ಟಳು. ಹೊಸದಾಗಿ ಈದ ಎಮ್ಮೆಯ ಗಟ್ಟಿ ಹಾಲಿನ ಚಹಾ, ತುಳುಕುವಷ್ಟು.

ಇನ್ನೊಂದು ಗುಟುಕಿಗೂ ನನ್ನಲ್ಲಿ ಜಾಗವಿರಲಿಲ್ಲ. ಕಪ್ಪನ್ನು ಮೆಲ್ಲಗೆ ಆಚೆ ಸರಿಸಿದೆ. ಹೆಡ್‌ಮಾಸ್ತರರೂ ಸರಿಸಿ, ಕಣ್ಣು ಮುಚ್ಚಿ ಕೂತರು.

ಆಯಿಯ ಮುಖ ಸಣ್ಣದಾಯಿತು. ನಮ್ಮ ಕಡೆ ಹೆಣ್ಣು ಕೇಳಲು ಬಂದವರು, ಜಗಳ ಬಗೆಹರಿಸಲು ಬಂದ ಹಿರಿಯರು ಮಾತು ಸಿಗುವವರೆಗೆ ಆ ಮನೆಯ ನೀರೂ ಮುಟ್ಟುವುದಿಲ್ಲ. ಆ ಕ್ಷಣಕ್ಕೆ ನನಗದು ನೆನಪಾಗಲಿಲ್ಲ.

“ಚಾ ಮುಟ್ಟಂಗಿಲ್ಲೇನ್ರಿ ಮಾಸ್ತರ?”

“ಈಗ ಬ್ಯಾಡ್ರಿ ಆಯಿ. ನಮ್ಮ ಹುಡಗಿ ಸಾಲಿಗೆ...” ಎನ್ನುವಷ್ಟರಲ್ಲಿ ಉಕ್ಕಿ ಬಂದ ತೇಗು ನುಂಗಲು ಬಾಯಿ ಮುಚ್ಚಿಕೊಂಡೆ.

ಬಾಗಿಲಲ್ಲಿ ಜನ ಸೇರಿದರು. “ಮಾಸ್ತರು ಹಟಾ ಹಿಡದು ಕುಂತಾರ” ಎಂಬ ಸುದ್ದಿ ಓಣಿಗೆಲ್ಲ ಹರಡಿತು. ಆಯಿ ಎಮ್ಮೆಯ ಕಡೆ ನೋಡಿದಳು, ನಮ್ಮ ಕಡೆ ನೋಡಿದಳು.

“ಎಮ್ಮಿ ಒದ್ರ ಒದೀಲಿ. ಮನಿಗೆ ಬಂದವ್ರು ಹಂಗ ಎದ್ದು ಹೋದ್ರ ನಮಗೇನ ಉಳೀತ್ರಿ? ನಾಳಿಂದ ಕಳಸ್ತೇನಿ. ಕುಡೀರಿ.”

ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಭಾಷಣ ಒಂದೂ ಬೇಕಾಗಲಿಲ್ಲ. ಬಂದವರು ಹಾಗೇ ಹೋಗಬಾರದು ಎಂಬ ಆ ಜೀವದ ಮರ್ಯಾದೆ ಎಲ್ಲವನ್ನೂ ಮಾಡಿತು. ನನಗೆ ನಿಜಕ್ಕೂ ಕಣ್ಣು ತುಂಬಿ ಬಂತು. ಹೆಡ್‌ಮಾಸ್ತರರಿಗೂ ತುಂಬಿತ್ತು, ಆದರೆ ಅವರು ಕಪ್ಪನ್ನು ನೋಡುತ್ತಿದ್ದರು.

೫. ವೇಲು

ಸೋಮವಾರ ಹುಡುಗಿ ಬಂದಳು. ಯೂನಿಫಾರ್ಮ್ ಇತ್ತು, ಮೇಲಿನ ವೇಲು ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಹೆಡ್‌ಮಾಸ್ತರರು, “ವೇಲ್ ಎಲ್ಲೈತವಾ?” ಎಂದರು.

“ಆಯಿ ಹೊದ್ಕೊಂಡಾಳ್ರಿ ಸರ್. ಎಮ್ಮಿಗೆ ನಾನ ಬಂದೇನಿ ಅನಸಬೇಕಲ್ರಿ.”

ಕ್ಲಾಸು ಗೊಳ್ಳೆಂದಿತು. “ಮತ್ತ, ಎಮ್ಮಿ ನಂಬ್ತೇನ? ಹಾಲು ಬಿಡ್ತೇನ?” ಎಂದೆ.

ತಪ್ಪಿಸಿಕೊಂಡ ಪಾಠವನ್ನು ಬಸ್ಸಿನಲ್ಲೇ ಗೆಳತಿಯಿಂದ ಹೇಳಿಸಿಕೊಂಡಿದ್ದಳೆಂದು ಕಾಣುತ್ತದೆ. ನೆಟ್ಟಗೆ ನಿಂತು ಹೇಳಿದಳು: “ಟುಡೇ, ಡ್ರಾಪ್ ಬೈ ಡ್ರಾಪ್, ಸರ್. ನೆಕ್ಸ್ಟ್ ಸಂಡೇ ಯು ಕಮ್. ಕಪ್ ಬೈ ಕಪ್!”

ತಿರುಗಿ ನೋಡಿದೆ. ಬಾಗಿಲಲ್ಲಿ ಹೆಡ್‌ಮಾಸ್ತರರು ಇರಲಿಲ್ಲ.