ಅಕ್ಕನ ಟ್ರ್ಯಾಕ್ಟರಿಗೆ ಹಲ್ಲು ಕಟ್ಟಿಸಲು ಹೋದದ್ದು

‘ಗೊತ್ತಿಲ್ಲ’ ಎಂಬ ಪದವನ್ನು ನನಗೆ ಓದಲು ಬರುತ್ತದೆ, ಬರೆಯಲು ಬರುತ್ತದೆ, ಹೇಳಲು ಮಾತ್ರ ಬರುವುದಿಲ್ಲ. ಇದು ಮೇಷ್ಟರ ಕಸುಬಿಗೆ ಅಂಟಿದ ರೋಗವೋ ನನ್ನೊಬ್ಬನದೋ ಹೇಳಲಾರೆ. ಮಧುಗಿರಿಯ ಹೈಸ್ಕೂಲಿನಲ್ಲಿ ಬಹಳ ವರ್ಷಗಳಿಂದ ವಿಜ್ಞಾನ ಪಾಠ ಮಾಡುತ್ತಿದ್ದೇನೆ. ಎಂಜಿನ್ನಿನ ಚಿತ್ರವನ್ನು ಕಣ್ಣು ಮುಚ್ಚಿಕೊಂಡು ಬೋರ್ಡಿನ ಮೇಲೆ ಬರೆದು, ಬಾಣದ ಗುರುತು ಹಾಕಿ, ಭಾಗಗಳನ್ನು ಹೆಸರಿಸಬಲ್ಲೆ. ಆದರೆ ನನ್ನ ಸ್ಕೂಟರು ದಾರಿಯಲ್ಲಿ ನಿಂತುಬಿಟ್ಟರೆ, ಮೊದಲು ಅದನ್ನು ಓರೆ ಮಾಡಿ ಅಲ್ಲಾಡಿಸುತ್ತೇನೆ, ಆಮೇಲೆ ಸುತ್ತಮುತ್ತ ಹಳೆಯ ವಿದ್ಯಾರ್ಥಿಗಳು ಯಾರಾದರೂ ಇದ್ದಾರೆಯೇ ಎಂದು ನೋಡುತ್ತೇನೆ. ಇದ್ದರೆ ಪೆಟ್ರೋಲಿನ ಗುಣಮಟ್ಟದ ಬಗ್ಗೆ ನಾಲ್ಕು ಮಾತಾಡುತ್ತೇನೆ. ಇಲ್ಲದಿದ್ದರೆ ತಳ್ಳಿಕೊಂಡು ಹೋಗುತ್ತೇನೆ.

ಇಂಥವನಿಗೆ ಒಂದು ಬೆಳಿಗ್ಗೆ ಅಕ್ಕನ ಫೋನು ಬಂತು. ನನ್ನ ಅಕ್ಕ ಗಂಗಮ್ಮನನ್ನು ಕೊಟ್ಟಿರುವುದು ಶಿರಾ ತಾಲ್ಲೂಕಿನ ತಾವರೆಕೆರೆಗೆ. ಅಲ್ಲಿ ಅವಳದು ಕನಕಾಂಬರ, ಸೇವಂತಿಗೆಯ ತೋಟ. ತೋಟಕ್ಕೆಂದು ಒಂದು ಪುಟ್ಟ ಹಳೇ ಟ್ರ್ಯಾಕ್ಟರಿದೆ, ಸ್ಕೂಟರಿನ ಹಾಗೆ ಪೆಟ್ರೋಲು ಹಾಕಿ ಕಿಕ್ ಹೊಡೆದು ಹಚ್ಚುವಂಥದು. ದೂರದಿಂದ ನೋಡಿದರೆ ಎಮ್ಮೆಕರು ಮಲಗಿದ ಹಾಗೆ ಕಾಣುತ್ತದೆ. ಭಾವ ಅದನ್ನು ಯಾವುದೋ ಹರಾಜಿನಲ್ಲಿ ಹಿಡಿದು ತಂದು, ಒಮ್ಮೆ ಹತ್ತಿ, ನೇರವಾಗಿ ಬೇಲಿಗೆ ನುಗ್ಗಿಸಿ ಇಳಿದವರು ಮತ್ತೆ ಅದರ ತಂಟೆಗೆ ಹೋಗಲಿಲ್ಲ. ಅಕ್ಕ ಸೆರಗು ಸಿಕ್ಕಿಸಿಕೊಂಡು ಹತ್ತಿದವಳು ಮತ್ತೆ ಇಳಿಯಲಿಲ್ಲ. ದೊಡ್ಡ ಟ್ರ್ಯಾಕ್ಟರು ಹೋಗಲಾಗದ ಗಿಡದ ಸಾಲುಗಳ ನಡುವೆ ಆ ಕರು ಹೋಗಿ ಕಳೆ ತೆಗೆಯುತ್ತಿತ್ತು. ಎರಡು ವರ್ಷದಿಂದ ಅದು ಸರಿಯಾಗಿ ಓಡುತ್ತಿರಲಿಲ್ಲ. ಅಕ್ಕನಿಗೆ ಮಂಡಿನೋವು, ಕೂತು ಕಳೆ ಕೀಳಲಾಗದು.

“ಲೇ ತಮ್ಮಯ್ಯ, ಗುಜ್ರಿಯೋನು ಬಂದು ನಿಂತವ್ನೆ ಕಣ್ಲಾ. ತೂಕಕ್ಕೆ ಹಾಕ್ಬುಡು ಅಂತಾವ್ರೆ ನಿಮ್ ಭಾವ. ಟ್ರ್ಯಾಕ್ಟ್ರೂ ಹೋಯ್ತದೆ, ಆಮೇಲೆ ತೋಟನೂ ಕಿತ್ತಾಕ್ಸೋದೇಯಾ. ಏನ್ಲಾ ಮಾಡ್ಲಿ?” ಎಂದಳು. ಅಕ್ಕ ಅಳುವ ಪೈಕಿ ಅಲ್ಲ. ಆದರೂ ಕೊನೆಯ ಮಾತಿನ ಹಿಂದೆಯೇ ಅವಳು ಮೂಗೊರೆಸಿಕೊಂಡ ಸದ್ದು ಕೇಳಿಸಿತು. ನನಗೆ ಅಷ್ಟೇ ಸಾಕಾಯಿತು. “ಕೊಡಬೇಡ ಅಕ್ಕ, ಭಾನುವಾರ ನಾನು ಬರ್ತೀನಿ. ಅದೇನು ಮಹಾ!” ಎಂದೆ.

ಭಾನುವಾರ ಹೋದವನು ಎಂಜಿನ್ ಹಚ್ಚಿ ನೋಡಬೇಕೆಂಬ ಗೋಜಿಗೂ ಹೋಗದೆ ನೇರವಾಗಿ ಬಿಚ್ಚಲು ಶುರುಮಾಡಿದೆ. ಬಿಚ್ಚುವುದರಲ್ಲಿ ಒಂದು ಸುಖವಿದೆ, ಪ್ರತಿ ನಟ್ಟು ಕಳಚಿದಾಗಲೂ ಏನೋ ಸಾಧಿಸಿದಂತೆ ಅನ್ನಿಸುತ್ತದೆ. ಅಕ್ಕನ ಮನೆಯ ಬಿಸ್ಕತ್ತಿನ ಡಬ್ಬಗಳೆಲ್ಲ ತುಂಬಿದವು, ಆಮೇಲೆ ಚಕ್ಕುಲಿ ಡಬ್ಬವನ್ನೂ ಖಾಲಿ ಮಾಡಿಸಿದೆ. ಗೇರುಪೆಟ್ಟಿಗೆಯ ಮುಚ್ಚಳ ಅಂಟಿಕೊಂಡಿತ್ತು. ಸ್ಕ್ರೂಡ್ರೈವರ್ ಚುಚ್ಚಿ ಮೀಟಿದಾಗ ಎಣ್ಣೆ ಸೋರದಂತೆ ನಡುವೆ ಹಾಕಿದ್ದ ದಪ್ಪ ಕಾಗದದ ಗ್ಯಾಸ್ಕೆಟ್ಟು ಹರಿದು ಬಂತು, ಅದರ ಹಿಂದೆಯೇ ಅಪರಾಧಿಯೂ ಸಿಕ್ಕಿತು. ಬೆಲ್ಲದಚ್ಚಿನ ಗಾತ್ರದ ಒಂದು ಗೇರು, ಅದರಲ್ಲಿ ಒತ್ತಿಗೊತ್ತಿಗೆ ಎರಡು ಹಲ್ಲಿಲ್ಲ! “ನೋಡಿ ಭಾವ, ಹಲ್ಲು ಮುರಿದಿದೆ. ಇದೊಂದು ಸಿಕ್ಕಿದರೆ ಆಯಿತು” ಎಂದು ಎತ್ತಿ ತೋರಿಸಿದೆ. ಭಾವ ಮಾತು ಕಡಿಮೆಯ ಮನುಷ್ಯ. ಗೇರನ್ನು ನೋಡಿದರು, ಡಬ್ಬಗಳನ್ನು ನೋಡಿದರು, ಹೋಗಿ ಹಸುವಿಗೆ ನೀರಿಟ್ಟರು.

ಹೊಸ ಗೇರು ಹುಡುಕಿ ಹೊರಟಾಗ ತಿಳಿದದ್ದು, ಆ ಟ್ರ್ಯಾಕ್ಟರು ಮಾಡಿದ ಕಂಪನಿಯೇ ಈಗಿಲ್ಲ ಎಂದು. ಟ್ರ್ಯಾಕ್ಟರ್ ಶೋರೂಮಿನ ಯುವತಿ ಗೇರನ್ನು ಎರಡು ಬೆರಳಲ್ಲಿ ಹಿಡಿದು, “ಸಾರ್, ಇದು ಯಾವುದಾದ್ರೂ ದೇವಸ್ಥಾನದ್ದಾ?” ಎಂದು ಭಯಭಕ್ತಿಯಿಂದ ಕೇಳಿದಳು. ಫೋನಿನಲ್ಲಿ ತಡಕಾಡಿದರೆ ಅಂಥದೇ ಒಂದು ಯಾವುದೋ ಸಮುದ್ರದಾಚೆಯ ದೇಶದಲ್ಲಿ ಸಿಕ್ಕಿತು. ಅದರ ಬೆಲೆಗೆ ಅಕ್ಕ ಟ್ರ್ಯಾಕ್ಟರಿನ ಜೊತೆ ನನ್ನನ್ನೂ ತೂಕಕ್ಕೆ ಹಾಕಬೇಕಾಗುತ್ತಿತ್ತು.

ಶಿರಾದ ಗುಜರಿ ಸಾಲಿನಲ್ಲಿ ಸತ್ತಾರ್ ಸಾಹೇಬರ ಅಂಗಡಿ ಇದೆ. ಅವರ ಮಗಳು ನನ್ನ ವಿದ್ಯಾರ್ಥಿನಿ, ಈಗ ಅವಳೇ ಎಲ್ಲೋ ಟೀಚರು. ಆ ಸಲಿಗೆಯಿಂದ ಹೋದೆ. ಸಾಹೇಬರು ಕನ್ನಡಕ ಏರಿಸಿ ಗೇರನ್ನು ತಿರುಗಿಸಿ ನೋಡಿದರು. “ಅರೇ ಮೇಷ್ಟ್ರೇ, ಬಹುತ್ ಪುರಾನಾ, ತುಂಬಾ ಹಳೇ ಮಾಲು. ಎಷ್ಟು ಹಲ್ಲು?” ಎಂದರು. ಎಣಿಸಿದೆ. ಇಪ್ಪತ್ತೇಳು. ಖಾತ್ರಿಗೆ ಇನ್ನೊಮ್ಮೆ ಎಣಿಸಿದೆ. ಇಪ್ಪತ್ತೊಂಬತ್ತು. ಸಾಹೇಬರು ಖಾಲಿ ಜಾಗದ ಪಕ್ಕದ ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ, ಅಲ್ಲಿಂದ ಎಣಿಸಿ, “ಇಪ್ಪತ್ತೆಂಟು” ಎಂದರು. ದುಂಡಗಿರುವ ವಸ್ತುವನ್ನು ಎಲ್ಲಿಂದ ಶುರುಮಾಡಿದೆವೆಂದು ಗುರುತಿಟ್ಟುಕೊಂಡು ಎಣಿಸಬೇಕೆಂಬುದು ನನಗೆ ಹೊಳೆದೇ ಇರಲಿಲ್ಲ. ಗೋದಾಮೆಲ್ಲ ಹುಡುಕಿಸಿದರು, ಸಿಗಲಿಲ್ಲ. ಕಾಸು ಮುಟ್ಟದೆ ಚಹಾ ಕುಡಿಸಿ, “ಕೊರಟಗೆರೆಗೆ ಹೋಗಿ. ಲೇತ್ ಆಚಾರ್ರು ಅವರೆ. ಅವರ ಕೈಲಿ ಆಗದಿದ್ರೆ ಯಾರ ಕೈಲೂ ಆಗೋದಿಲ್ಲ” ಎಂದು ಕಳಿಸಿದರು.

ಕಬ್ಬಿಣ ಕಡೆಯುವ ಲೇತ್ ಇಟ್ಟುಕೊಂಡಿದ್ದ ಕೊರಟಗೆರೆಯ ಆಚಾರ್ರು ಗೇರಿನ ಖಾಲಿ ಜಾಗದ ಮೇಲೆ ಹೆಬ್ಬೆರಳಾಡಿಸಿದರು. ಅವರ ಹುಬ್ಬು ಗಂಟಿಕ್ಕಿತು.

“ಮುರಿದ್ರೆ ತರಿತರಿಯಾಗಿರ್ಬೇಕಲ್ವಾ ಸಾರ್? ಇದು ನುಣ್ಣಗೈತೆ.”

“ಘರ್ಷಣೆ ಆಚಾರ್ರೇ. ವರ್ಷಗಟ್ಟಲೆ ಉಜ್ಜಿ ಉಜ್ಜಿ ನುಣ್ಣಗಾಗಿದೆ.”

“ಉಜ್ಜಾಕೆ ಅಲ್ಲಿ ಹಲ್ಲೇ ಇಲ್ವಲ್ಲ?”

“ಅದು ಸ್ವಲ್ಪ ಮೇಲಿನ ತರಗತಿಯ ವಿಷಯ, ಬಿಡಿ” ಎಂದೆ. ಆಚಾರ್ರು ದೊಡ್ಡ ಮನಸ್ಸಿನವರು, ಬಿಟ್ಟರು. “ಎರಡು ಹಲ್ಲು ತುಂಬಿ ಕೊಡ್ತೀನಿ. ಆದ್ರೆ ಅಳತೆಗೆ ಒಂದು ಸರಿಯಾದ ಗೇರು ಬೇಕು. ಪಾವಗಡದ ಕಡೆ ನರಸಿಂಹಪ್ಪ ಅಂತ ಅವ್ರೆ, ಅವರತ್ರ ಇಂಥದೇ ಗಾಡಿ ಐತೆ” ಎಂದು ಊರಿನ ಗುರುತು ಹೇಳಿದರು.

ಹೀಗೆ ನಾಲ್ಕನೆಯ ಭಾನುವಾರ ನಾನು ಗೇರನ್ನು ಊಟದ ಡಬ್ಬಿಯಲ್ಲಿಟ್ಟುಕೊಂಡು ಪಾವಗಡದ ಬಸ್ಸು ಹತ್ತಿದೆ. ನರಸಿಂಹಪ್ಪನವರ ಹಿತ್ತಿಲಲ್ಲಿ ಅಕ್ಕನ ಟ್ರ್ಯಾಕ್ಟರಿನ ತದ್ರೂಪು ನಿಂತಿತ್ತು. ಕುಂಬಳದ ಬಳ್ಳಿ ಹಬ್ಬಿ, ಸೀಟಿನ ಮೇಲೆ ಕಾಯೊಂದು ಹಾಯಾಗಿ ಕೂತಿತ್ತು. ಎಪ್ಪತ್ತು ದಾಟಿದ ಆ ಹಿರಿಯರು, “ಎಂಜಿನ್ ಸೀಳಿ ಹೋಯ್ತು ಸಾಮಿ. ಅಮ್ಮೋಕೆ ಮನಸ್ಸು ಬರ್ಲಿಲ್ಲ, ಇಟ್ಕೊಂಡಿದೀನಿ” ಎಂದರು. ಅಮ್ಮುವುದು ಎಂದರೆ ಆ ಕಡೆ ಮಾರುವುದು. ನಾನು ಬಂದ ಕಾರಣ ಹೇಳಿದೆ. ಅವರು ಬಳ್ಳಿ ಸರಿಸಿ, ಮುಚ್ಚಳ ಬಿಚ್ಚಿ, ತಮ್ಮ ಗೇರನ್ನು ತೆಗೆದು ಒರೆಸಿ ನನ್ನ ಕೈಗಿಟ್ಟರು. ನೋಡುತ್ತೇನೆ, ಅದರಲ್ಲೂ ಒತ್ತಿಗೊತ್ತಿಗೆ ಎರಡು ಹಲ್ಲಿಲ್ಲ.

“ಅಯ್ಯೋ, ನಿಮ್ಮದೂ ಅದೇ ಜಾಗದಲ್ಲಿ ಮುರಿದಿದೆಯಲ್ಲ!” ಎಂದೆ. ನನಗೆ ನಿಜವಾಗಿಯೂ ಅವರ ಬಗ್ಗೆ ಮರುಕ ಬಂದಿತ್ತು.

ನರಸಿಂಹಪ್ಪ ಗೇರನ್ನು ನನ್ನ ಕೈಯಿಂದ ತೆಗೆದುಕೊಂಡು ಖಾಲಿ ಜಾಗವನ್ನು ತೋರಿಸಿದರು. “ಇದಿ ವಿರಿಗಿಂದಿ ಕಾದು ಸಾಮಿ. ಮುರಿದಿರೋದಲ್ಲ. ಕಂಪ್ನಿಯೋರೇ ಬಿಟ್ಟಿರೋದು. ಕಿಕ್ ಹೊಡೆದು ಎಂಜಿನ್ ಹತ್ತಿದ ಮೇಲೆ ಕಿಕ್ಕು ಕಚ್ಕೊಂಡಿರಬಾರ್ದು ಅಂತ ಅಲ್ಲಿ ಹಲ್ಲು ಇಕ್ಕಿಲ್ಲ. ನೀವು ಅಲ್ಲಿ ಹಲ್ಲು ಕಟ್ಟಿಸಿದ್ರೆ, ಎಂಜಿನ್ ಹತ್ತಿದ್ ತಕ್ಷಣ ನಿಮ್ಮ ಕಾಲು ನಿಮ್ದಾಗಿರ್ತಿರ್ಲಿಲ್ಲ.”

ನಾನು ಸೀಟಿನ ಮೇಲಿದ್ದ ಕುಂಬಳಕಾಯಿಯನ್ನು ನೋಡಿದೆ. ನಮ್ಮಿಬ್ಬರಲ್ಲಿ ಅದೇ ಹೆಚ್ಚು ಗಂಭೀರವಾಗಿ ಕಂಡಿತು. ನರಸಿಂಹಪ್ಪ, “ಹೋಗ್ಲಿ, ಗಾಡಿಗೆ ಏನಾಗ್ತಿತ್ತು?” ಎಂದು ಕೇಳಿದರು. ಆಗ ನೆನಪಾಯಿತು, ಅದನ್ನು ನಾನು ಅಕ್ಕನನ್ನು ಕೇಳಿಯೇ ಇರಲಿಲ್ಲ. ಫೋನು ಹಚ್ಚಿ ಅವರ ಕೈಗೆ ಕೊಟ್ಟೆ. ಅಕ್ಕನ ದನಿ ಹಿತ್ತಿಲಿಗೆಲ್ಲ ಕೇಳಿಸುವಂಥದು.

“ಕಾಲು ಗಂಟೆ ಚೆನ್ನಾಗಿ ಓಡ್ತದೆ ಕಣಣ್ಣ. ಆಮ್ಯಾಕೆ ಉಸ್ರು ಕಟ್ದಂಗೆ ನಿಂತೋಯ್ತದೆ. ಮೆಕಾನಿಕ್ಕು ಬಂದು ಪೆಟ್ರೋಲು ಐತಾ ಅಂತ ಟ್ಯಾಂಕ್ ಮುಚ್ಚಳ ತೆಗೆದು ನೋಡ್ತಾನೆ, ಮತ್ತೆ ಓಡ್ತದೆ. ಅವನು ಹೋದ್ಮೇಲೆ ಮತ್ತೆ ನಿಲ್ತದೆ.”

“ಅಮ್ಮಾ, ಆ ಮುಚ್ಚಳದಾಗೆ ಸಣ್ಣ ತೂತು ಇರ್ತೈತೆ. ಐತಾ ನೋಡು.”

“ಇತ್ತು. ಎರಡು ವರ್ಸದ ಹಿಂದೆ ಹಬ್ಬಕ್ಕೆ ಬಂದಾಗ, ಒಳಕ್ಕೆ ಧೂಳು ಹೋಯ್ತದೆ ಅಂತ ನಮ್ ತಮ್ಮಯ್ಯನೇ ಅಂಟು ಮೆತ್ತಿ ಮುಚ್ಚಿಕೊಟ್ಟ. ಯಾಕಣ್ಣ?”

ನರಸಿಂಹಪ್ಪ ಫೋನನ್ನು ಮೆಲ್ಲಗೆ ನನ್ನತ್ತ ಚಾಚಿದರು. ಟ್ಯಾಂಕಿನೊಳಕ್ಕೆ ಗಾಳಿ ಹೋಗದಿದ್ದರೆ ಪೆಟ್ರೋಲು ಕೆಳಗಿಳಿಯುವುದಿಲ್ಲ. ಡಬ್ಬಕ್ಕೆ ಒಂದೇ ತೂತು ಮಾಡಿದರೆ ಎಣ್ಣೆ ಸುರಿಯದು, ಎರಡು ಮಾಡಿದರೆ ಸುರಿಯುತ್ತದೆ ಎಂದು ನಾನೇ ಪ್ರತಿ ವರ್ಷ ತರಗತಿಯಲ್ಲಿ ಪ್ರಯೋಗ ಮಾಡಿ ತೋರಿಸುತ್ತೇನೆ. ವಾಯುವಿನ ಒತ್ತಡ ಎಂದು ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆಯುತ್ತೇನೆ, ಕೆಳಗೆ ಗೆರೆಯನ್ನೂ ಎಳೆಯುತ್ತೇನೆ. ಎರಡು ವರ್ಷ ಅಕ್ಕನ ಮಂಡಿಯನ್ನು ನೋಯಿಸಿದ್ದು ನನ್ನ ಒಂದು ಚಿಟಿಕೆ ಅಂಟು. ಅಕ್ಕನಿಗೆ, “ಬಂದು ಹೇಳ್ತೀನಿ ಅಕ್ಕ” ಎಂದು ಫೋನಿಟ್ಟೆ. ತಾವರೆಕೆರೆಗೆ ಹೋಗಿ, ಮುಖಾಮುಖಿ ಹೇಳಿದೆ. ಅವಳು ಹಣೆ ಚಚ್ಚಿಕೊಂಡು, “ಥೂ ನಿನ್ನ, ಉಂಡ್ಯೇನ್ಲಾ?” ಎಂದು ಕೇಳಿ ತಟ್ಟೆ ಹಾಕಿದಳು. ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಮೊಳೆ ಬಡಿದು ತೂತನ್ನು ಮತ್ತೆ ಮಾಡುವುದು ಒಂದು ನಿಮಿಷದ ಕೆಲಸ. ಆದರೆ ಟ್ರ್ಯಾಕ್ಟರು ಆ ವೇಳೆಗೆ ಏಳು ಡಬ್ಬಗಳಲ್ಲಿತ್ತು. ಅದನ್ನು ಜೋಡಿಸಲು ನರಸಿಂಹಪ್ಪ ತಾವಾಗಿಯೇ ಎರಡು ಬಸ್ಸು ಬದಲಿಸಿ ಬಂದರು. ದುಡ್ಡಿನ ಮಾತೆತ್ತಿದರೆ, “ಬೇಡ ಸಾಮಿ, ಆ ಸದ್ದು ಒಂದ್ಸಲ ಕೇಳ್ಬೇಕು, ಅಷ್ಟೇ” ಎಂದರು. ಅವರೂ ಅಕ್ಕನೂ ಒಂದೊಂದೇ ಡಬ್ಬ ಸುರಿದುಕೊಂಡು ಸಂಜೆಯವರೆಗೆ ಜೋಡಿಸಿದರು. ನನಗೆ ಬಟ್ಟೆ ಹಿಡಿದು ಒರೆಸುವ ಕೆಲಸ ಕೊಟ್ಟಿದ್ದರು. ಕೊನೆಗೆ ನಾನು ಹರಿದಿದ್ದ ಗ್ಯಾಸ್ಕೆಟ್ಟಿಗೆ ಬದಲಿ ಬೇಕಾಯಿತು. ಅಂಗಡಿಯಲ್ಲಿ ಸಿಗುವಂಥದಲ್ಲ. “ದಪ್ಪ ಕಾಗ್ದ ಇದ್ರೆ ಕೊಡಮ್ಮ, ಕತ್ತರಿಸಿ ಹಾಕೋಣ” ಎಂದರು ನರಸಿಂಹಪ್ಪ. ಅಕ್ಕ ಬೀರು ತೆಗೆದು, ಸೀರೆಗಳ ಅಡಿಯಿಂದ ಒಂದು ಕಾರ್ಡು ತಂದಳು. ಶಿಕ್ಷಕರ ದಿನಾಚರಣೆಯಲ್ಲಿ ನನಗೆ ಮಾಡಿದ ಸನ್ಮಾನದ ಆಹ್ವಾನಪತ್ರಿಕೆ. ಅಷ್ಟು ಜತನದಿಂದ ಅವಳು ಅದನ್ನಿಟ್ಟುಕೊಂಡಿದ್ದು ನನಗೆ ಗೊತ್ತೇ ಇರಲಿಲ್ಲ. “ಇದೇ ಮನೇಲಿರೋ ದಪ್ಪನೇ ಕಾಗ್ದ” ಎಂದು ಕತ್ತರಿಯನ್ನೂ ಅವಳೇ ಕೊಟ್ಟಳು.

ಎರಡನೆಯ ಕಿಕ್ಕಿಗೆ ಎಂಜಿನ್ ಶುರುವಾಯಿತು. ನರಸಿಂಹಪ್ಪ ಕಣ್ಣುಮುಚ್ಚಿ ಕಲ್ಲುಬೆಂಚಿನ ಮೇಲೆ ಕೂತರು. ಅಕ್ಕ ಸೆರಗು ಸಿಕ್ಕಿಸಿ ಹತ್ತಿ, ಕನಕಾಂಬರದ ಸಾಲಿನೊಳಗೆ ಹೊರಟಳು. ಕಾಲು ಗಂಟೆ ಆಯಿತು, ಅರ್ಧ ಗಂಟೆ ಆಯಿತು, ನಿಲ್ಲಲಿಲ್ಲ. ಅವಳು ಒಂದು ಸುತ್ತು ಮುಗಿಸಿ ಬಂದಾಗ ನಾನು ಬಗ್ಗಿ ಗೇರುಪೆಟ್ಟಿಗೆ ನೋಡಿದೆ. ಒಂದು ಹನಿ ಎಣ್ಣೆಯೂ ಸೋರಿರಲಿಲ್ಲ. ಕಾರ್ಡಿನಂಚು ಮಾತ್ರ ಚೂರು ಹೊರಗೆ ಕಾಣುತ್ತಿತ್ತು: ‘ಸನ್ಮಾನ’ ಎಂಬುದು ಪೂರ್ತಿ ಉಳಿದಿತ್ತು, ಪಕ್ಕದಲ್ಲಿ ನನ್ನ ಹೆಸರಿದ್ದ ಕಡೆ ಬೋಲ್ಟಿನ ತೂತು ಬಿದ್ದಿತ್ತು. ನಾನು ಅದನ್ನೇ ನೋಡುತ್ತಾ ಕೂತಿರುವುದನ್ನು ಕಂಡು ಭಾವ ಹತ್ತಿರ ಬಂದು ನನ್ನ ಬೆನ್ನು ತಟ್ಟಿದರು.

“ಹೋಗ್ಲಿ ಬುಡಯ್ಯ” ಎಂದರು, “ಈ ತೂತ್ನಾದ್ರೂ ಮುಚ್ಬ್ಯಾಡ.”